ಬೆಳ್ಳಿತೆರೆಯ ಓಟ: ಒಂದು ಸಿದ್ಧಸೂತ್ರದ ಚರಿತ್ರೆ

ಓಟಗಾರರ ಬದುಕನ್ನು ಸ್ಫೂರ್ತಿಯ ಕಥೆಯಾಗಿ ಹೇಳುವ ಸಿನಿಮಾಗಳಿಗೆ ಗೊತ್ತಾದ ಒಂದು ಅಚ್ಚು ಇದೆ. ಬಾಲ್ಯದಲ್ಲಿ ಬಿದ್ದ ಪೆಟ್ಟು, ಪ್ರತಿಭೆಯನ್ನು ಗುರುತಿಸುವ ಒರಟು ಮಾತಿನ ಕೋಚ್, ಒಂದು ಹಾಡಿನಲ್ಲಿ ಮುಗಿದುಹೋಗುವ ಅಭ್ಯಾಸ, ನಡುವೆ ಒಂದು ಸೋಲು, ಕೊನೆಗೆ ಸ್ಲೋ ಮೋಷನ್‌ನಲ್ಲಿ ಗೆಲುವು. ಈ ಅಚ್ಚನ್ನು ಯಾರೋ ಒಬ್ಬರು ಕೂತು ತಯಾರಿಸಲಿಲ್ಲ. 1930ರ ದಶಕದಿಂದ 1980ರ ದಶಕದವರೆಗೆ ಬೇರೆ ಬೇರೆ ದೇಶಗಳ ಬೇರೆ ಬೇರೆ ಚಿತ್ರಗಳು ಒಂದೊಂದು ತುಂಡನ್ನು ಕೊಟ್ಟವು. ಹಾಗೆ ಸೇರಿಕೊಂಡ ಸೂತ್ರ ಬಹಳ ಜನರನ್ನು ಮೈದಾನಕ್ಕೆ ಕರೆತಂದಿರಬಹುದು. ಆದರೆ ಓಟದ ಸತ್ವ ಇರುವುದು ವರ್ಷಗಟ್ಟಲೆ ಅದೇ ದಾರಿಯಲ್ಲಿ ಅದೇ ಕೆಲಸವನ್ನು ಮಾಡುವುದರಲ್ಲಿ. ಸೂತ್ರ ಮೊದಲು ಕತ್ತರಿಸಿ ಹಾಕುವುದು ಆ ವರ್ಷಗಳನ್ನೇ.

ತೊಂದರೆಯ ಬೇರು ಕಾಲದ ಲೆಕ್ಕದಲ್ಲಿದೆ. ಕುಸ್ತಿ, ಬಾಕ್ಸಿಂಗ್, ಕ್ರಿಕೆಟ್ ಪಂದ್ಯಗಳಲ್ಲಿ ಎದುರಾಳಿಗಳು ಮುಖಾಮುಖಿಯಾಗುತ್ತಾರೆ. ಏಟಿಗೆ ಎದುರೇಟು, ಚೆಂಡಿಗೆ ಹೊಡೆತ ಇರುವುದರಿಂದ ದೃಶ್ಯ ತಾನಾಗಿ ಬೆಳೆಯುತ್ತದೆ. ಓಟದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತಾರೆ, ಯಾರೂ ಯಾರನ್ನೂ ಮುಟ್ಟುವುದಿಲ್ಲ. 100 ಮೀಟರ್ ಹತ್ತು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಪ್ರೇಕ್ಷಕ ಕುರ್ಚಿಯಲ್ಲಿ ಸರಿಯಾಗಿ ಕೂರುವುದೂ ಕಷ್ಟ. 42.195 ಕಿಲೋಮೀಟರ್‌ಗಳ ಮ್ಯಾರಥಾನ್ ಎರಡು ಗಂಟೆಗೂ ಹೆಚ್ಚು ಸಾಗುತ್ತದೆ, ಎಷ್ಟೋ ಸಿನಿಮಾಗಳೇ ಅಷ್ಟು ಉದ್ದ ಇರುವುದಿಲ್ಲ. ಹೀಗಾಗಿ ಚಿಕ್ಕ ಓಟವನ್ನು ಹಿಗ್ಗಿಸುವುದು, ದೊಡ್ಡ ಓಟವನ್ನು ಕುಗ್ಗಿಸುವುದು ಚಿತ್ರಕಾರರಿಗೆ ಅನಿವಾರ್ಯವಾಯಿತು. ಎರಡಕ್ಕೂ ಉಪಾಯ ಮೊದಲು ದೊರೆತದ್ದು ಸಾಕ್ಷ್ಯಚಿತ್ರದಲ್ಲಿ.

1936ರ ಬರ್ಲಿನ್ ಒಲಿಂಪಿಕ್ಸ್ ಕುರಿತು ಲೆನಿ ರೀಫೆನ್‌ಸ್ಟಾಲ್ ಮಾಡಿದ ‘ಒಲಿಂಪಿಯಾ’ 1938ರಲ್ಲಿ ತೆರೆಕಂಡಿತು. ನಾಜಿ ಆಳ್ವಿಕೆಯ ಹಣದಲ್ಲಿ, ಅದರ ಕೀರ್ತಿಗಾಗಿ ತಯಾರಾದ ಚಿತ್ರ ಅದು ಎಂಬುದನ್ನು ಮರೆಯುವಂತಿಲ್ಲ. ಆದರೂ ಓಟವನ್ನು ತೆರೆಯ ಮೇಲೆ ತೋರಿಸುವ ಬಗೆ ಅಲ್ಲಿಂದಲೇ ಬದಲಾಯಿತು. ನೆಲದಲ್ಲಿ ಹಳ್ಳ ತೋಡಿ ಕ್ಯಾಮೆರಾ ಇಟ್ಟು ಓಟಗಾರರನ್ನು ಆಕಾಶದ ಹಿನ್ನೆಲೆಯಲ್ಲಿ ಹಿಡಿದರು. ಹಳಿಗಳ ಮೇಲೆ ಕ್ಯಾಮೆರಾ ಓಡಿಸಿದರು. ವೇಗವನ್ನು ತಗ್ಗಿಸಿ ಸ್ನಾಯುಗಳ ಚಲನೆಯನ್ನು ಬಿಡಿಸಿ ತೋರಿಸಿದರು. ಮ್ಯಾರಥಾನ್ ಭಾಗದಲ್ಲಿ ಓಟಗಾರ ತನ್ನ ಕಾಲನ್ನೂ ನೆರಳನ್ನೂ ತಾನೇ ನೋಡುತ್ತಿರುವಂತೆ ಕಾಣುವ ತುಣುಕುಗಳಿವೆ. ಅವನ್ನು ಸ್ಪರ್ಧೆಯ ದಿನ ತೆಗೆದದ್ದಲ್ಲ, ಅಭ್ಯಾಸದ ವೇಳೆ ಓಟಗಾರರ ಕೊರಳಿಗೆ ಕ್ಯಾಮೆರಾ ತೂಗುಹಾಕಿ ತೆಗೆದದ್ದು. ಆ ಮ್ಯಾರಥಾನ್ ಗೆದ್ದವರು ಕೊರಿಯಾದ ಸೋನ್ ಕೀ-ಚುಂಗ್. ತಮ್ಮ ನಾಡು ಜಪಾನಿನ ವಶದಲ್ಲಿದ್ದುದರಿಂದ ಜಪಾನಿ ಹೆಸರಿನಲ್ಲಿ, ಜಪಾನಿ ಬಾವುಟದಡಿ ಅವರು ಓಡಬೇಕಾಯಿತು. ಚಿತ್ರ ಅವರ ಹೆಜ್ಜೆಗಳನ್ನು ಅತ್ಯಂತ ಸುಂದರವಾಗಿ ತೋರಿಸುತ್ತದೆ, ಅವರ ಸಂಕಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಓಡುವ ದೇಹವನ್ನು ಆರಾಧಿಸಿ ಓಡುವವನ ಸ್ಥಿತಿಯನ್ನು ಬಿಟ್ಟುಬಿಡುವ ಚಾಳಿ ಅಂದೇ ಶುರುವಾಯಿತು.

ಇದಕ್ಕೆ ಉತ್ತರವೆನ್ನಬಹುದಾದ ಎರಡು ಚಿತ್ರಗಳು 1960ರ ದಶಕದಲ್ಲಿ ಬಂದವು. ಅಲನ್ ಸಿಲಿಟೋ ಕಥೆಯನ್ನು ಆಧರಿಸಿ ಟೋನಿ ರಿಚರ್ಡ್‌ಸನ್ 1962ರಲ್ಲಿ ನಿರ್ದೇಶಿಸಿದ ‘ದ ಲೋನ್‌ಲಿನೆಸ್ ಆಫ್ ದ ಲಾಂಗ್ ಡಿಸ್ಟೆನ್ಸ್ ರನ್ನರ್’ ಚಿತ್ರದ ನಾಯಕ ಇಂಗ್ಲೆಂಡಿನ ಬಾಲಾಪರಾಧಿಗಳ ಸುಧಾರಣಾಲಯದಲ್ಲಿರುವ ಬಡ ಹುಡುಗ. ಚೆನ್ನಾಗಿ ಓಡುತ್ತಾನೆಂದು ಅಲ್ಲಿನ ಅಧಿಕಾರಿ ಅವನಿಗೆ ಸವಲತ್ತು ಕೊಡುತ್ತಾನೆ. ಸಿರಿವಂತರ ಶಾಲೆಯ ಹುಡುಗರ ಎದುರು ಅವನು ಗೆದ್ದರೆ ಸಂಸ್ಥೆಗೆ ಹೆಸರು. ಕೊನೆಯ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗ ಗೆರೆ ಕಣ್ಣೆದುರಿಗಿರುವಾಗಲೇ ಬೇಕೆಂದು ನಿಂತುಬಿಡುತ್ತಾನೆ. ಗೆಲುವು ಯಾರ ಲಾಭಕ್ಕೆ ಎಂಬ ಪ್ರಶ್ನೆಯನ್ನು ಅಷ್ಟು ನೇರವಾಗಿ ಎತ್ತಿದ ಓಟದ ಚಿತ್ರ ಆಮೇಲೆ ಬಂದದ್ದು ಅಪರೂಪ. 1965ರಲ್ಲಿ ಕೊನ್ ಇಚಿಕಾವಾ ಅವರ ‘ಟೋಕಿಯೊ ಒಲಿಂಪಿಯಾಡ್’ ಬಂತು. ಹಿಂದಿನ ವರ್ಷದ ಟೋಕಿಯೊ ಕೂಟದ ಆ ಸಾಕ್ಷ್ಯಚಿತ್ರದಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಮ್ಯಾರಥಾನ್ ಗೆಲ್ಲುವ ದೀರ್ಘ ದೃಶ್ಯದಷ್ಟೇ ಮುತುವರ್ಜಿ ನೀರಿಗಾಗಿ ನಿಂತವರಿಗೂ ಕಾಲು ಸೋತು ಕೂತವರಿಗೂ ಸಿಕ್ಕಿದೆ. ಚಾಡ್ ದೇಶದಿಂದ ಬಂದ 800 ಮೀಟರ್ ಓಟಗಾರನೊಬ್ಬ ಒಬ್ಬನೇ ಊಟ ಮಾಡುವುದನ್ನೂ ಸೋತು ಮರಳುವುದನ್ನೂ ಇಚಿಕಾವಾ ಬಿಡದೆ ಹಿಂಬಾಲಿಸುತ್ತಾರೆ. ಜಪಾನಿನ ಸಂಘಟಕರಿಗೆ ಬೇಕಾಗಿದ್ದದ್ದು ಗೆಲುವುಗಳ ದಾಖಲೆ. ಅವರಿಗೆ ಈ ಚಿತ್ರ ರುಚಿಸಲಿಲ್ಲ.

ಸೂತ್ರದ ಬೆನ್ನೆಲುಬು ಬಂದದ್ದು ಓಟದ ಚಿತ್ರದಿಂದಲ್ಲ, ಬಾಕ್ಸಿಂಗ್ ಚಿತ್ರದಿಂದ. 1976ರ ‘ರಾಕಿ’ಯಲ್ಲಿ ನಾಯಕ ಫಿಲಡೆಲ್ಫಿಯಾದ ಬೀದಿಗಳಲ್ಲಿ ಓಡಿ ಕಲಾ ಮ್ಯೂಸಿಯಂನ ಮೆಟ್ಟಿಲು ಹತ್ತುವ ದೃಶ್ಯ ಬಿಲ್ ಕಾಂಟಿ ಅವರ ಸಂಗೀತದ ಜೊತೆ ಜಗತ್ತಿನಾದ್ಯಂತ ಹರಡಿತು. ಗ್ಯಾರೆಟ್ ಬ್ರೌನ್ ರೂಪಿಸಿದ್ದ ಸ್ಟೆಡಿಕ್ಯಾಮ್ ಎಂಬ ಸಾಧನ ಆಗ ತಾನೇ ಬಂದಿತ್ತು. ಛಾಯಾಗ್ರಾಹಕ ಅದನ್ನು ಮೈಗೆ ಕಟ್ಟಿಕೊಂಡು ಓಡುವವನ ಜೊತೆಗೇ ಓಡಬಹುದಾಗಿತ್ತು, ಚಿತ್ರ ಕುಲುಕುತ್ತಿರಲಿಲ್ಲ. ವಾರಗಳ ಅಭ್ಯಾಸವನ್ನು ಮೂರು ನಿಮಿಷದ ಸಂಗೀತದಲ್ಲಿ ಹೇಳಿ ಮುಗಿಸಬಹುದು ಎಂಬುದನ್ನು ಕ್ರೀಡಾಚಿತ್ರಗಳು ಕಲಿತದ್ದು ಇಲ್ಲಿಂದ. ಅದೇ ಚಿತ್ರದ ಕೊನೆಯಲ್ಲಿ ರಾಕಿ ಸೋಲುತ್ತಾನೆ, ತೀರ್ಪುಗಾರರ ಅಂಕಗಳು ಎದುರಾಳಿಯ ಪಾಲಾಗುತ್ತವೆ. ಅನುಕರಿಸಿದವರು ಮೆಟ್ಟಿಲುಗಳನ್ನು ಉಳಿಸಿಕೊಂಡರು, ಸೋಲನ್ನು ಬಿಟ್ಟರು.

1981ರ ‘ಚಾರಿಯಟ್ಸ್ ಆಫ್ ಫೈರ್’ ಬಂದಮೇಲೆ ಎಲ್ಲ ತುಂಡುಗಳೂ ಒಟ್ಟಿಗೆ ಕೂಡಿದವು. ಹ್ಯೂ ಹಡ್ಸನ್ ನಿರ್ದೇಶನ, ಕಾಲಿನ್ ವೆಲಂಡ್ ಚಿತ್ರಕಥೆ, ಡೇವಿಡ್ ಪಟ್ನಂ ನಿರ್ಮಾಣ, ವಾಂಗೆಲಿಸ್ ಸಂಗೀತ. ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್‌ಗಳು ಅದಕ್ಕೆ ಬಂದವು. ಬ್ರಿಟನ್ನಿನ ಇಬ್ಬರು ಓಟಗಾರರು 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಕಥೆ ಇದು. ಹೆರಾಲ್ಡ್ ಅಬ್ರಹಾಮ್ಸ್ ಯಹೂದಿ, ಕೇಂಬ್ರಿಜ್ ವಿದ್ಯಾರ್ಥಿ. 100 ಮೀಟರನ್ನು 10.6 ಸೆಕೆಂಡುಗಳಲ್ಲಿ ಗೆದ್ದವರು. ಎರಿಕ್ ಲಿಡೆಲ್ ಸ್ಕಾಟ್ಲೆಂಡಿನವರು, ಕ್ರೈಸ್ತ ಮಿಷನರಿ ಮನೆತನದಲ್ಲಿ ಚೀನಾದಲ್ಲಿ ಹುಟ್ಟಿದವರು. ಭಾನುವಾರ ಓಡುವುದಿಲ್ಲವೆಂದು 100 ಮೀಟರ್ ಬಿಟ್ಟು 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಗೆದ್ದವರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಕಡಲತೀರದಲ್ಲಿ ಬಿಳಿ ಬಟ್ಟೆಯ ಓಟಗಾರರು ನೀರು ಚಿಮ್ಮಿಸುತ್ತ ಓಡುವ ಮೊದಲ ದೃಶ್ಯ, ಅದರ ಹಿಂದಿನ ಸಿಂಥಸೈಜರ್ ನಾದ ಎರಡೂ ಇಂದಿಗೂ ಓಟ ಎಂದ ಕೂಡಲೇ ನೆನಪಾಗುತ್ತವೆ.

ಈ ಚಿತ್ರವನ್ನು 1924ರ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರೆ ಸೂತ್ರ ಏನನ್ನು ಬದಲಾಯಿಸುತ್ತದೆ ಎಂಬುದು ಕಾಣುತ್ತದೆ. ಚಿತ್ರದಲ್ಲಿ ಅಬ್ರಹಾಮ್ಸ್ ಮೊದಲು 200 ಮೀಟರ್‌ನಲ್ಲಿ ಸೋತು, ಆ ನೋವಿನಿಂದ ಎದ್ದು 100 ಮೀಟರ್ ಗೆಲ್ಲುತ್ತಾರೆ. ಪ್ಯಾರಿಸ್‌ನಲ್ಲಿ 100 ಮೀಟರ್ ಫೈನಲ್ ನಡೆದದ್ದು ಜುಲೈ 7ರಂದು, 200 ಮೀಟರ್ ಫೈನಲ್ 9ರಂದು. ಗೆದ್ದವರು ಎರಡು ದಿನಗಳ ಮೇಲೆ ಕೊನೆಯವರಾಗಿ ಬಂದರು. ಗೆಲುವಿನ ಆಚೆ ಸೋಲು ಬರುವುದನ್ನು ಸೂತ್ರ ಒಪ್ಪುವುದಿಲ್ಲ, ಆದ್ದರಿಂದ ದಿನಗಳೇ ಹಿಂದುಮುಂದಾದವು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಅಂಗಳವನ್ನು ಗಡಿಯಾರದ ಗಂಟೆಗಳು ಮುಗಿಯುವುದರೊಳಗೆ ಅಬ್ರಹಾಮ್ಸ್ ಸುತ್ತಿ ಬರುವ ದೃಶ್ಯವೂ ಹಾಗೆಯೇ: ಆ ಓಟವನ್ನು ಅವರು ಓಡಲೇ ಇಲ್ಲ, 1927ರಲ್ಲಿ ಅದನ್ನು ಸಾಧಿಸಿದವರು ಲಾರ್ಡ್ ಬರ್ಲಿ. ಚಿತ್ರೀಕರಣಕ್ಕೆ ಟ್ರಿನಿಟಿ ಅನುಮತಿ ಕೊಡದ್ದರಿಂದ ಈಟನ್ ಶಾಲೆಯಲ್ಲಿ ಅದನ್ನು ತೆಗೆದರು.

ಲಿಡೆಲ್ ವಿಷಯದಲ್ಲಿ ಆದ ಬದಲಾವಣೆ ಇನ್ನೂ ದೊಡ್ಡದು. ಚಿತ್ರದಲ್ಲಿ ಅವರು ಫ್ರಾನ್ಸಿಗೆ ಹೊರಟು ಹಡಗು ಹತ್ತುವಾಗ 100 ಮೀಟರ್ ಹೀಟ್ಸ್ ಭಾನುವಾರ ಇದೆ ಎಂಬ ಸುದ್ದಿ ಕಿವಿಗೆ ಬೀಳುತ್ತದೆ. ಆಮೇಲೆ ರಾಜಕುಮಾರನ ಎದುರು ವಾಗ್ವಾದ, ಗೆಳೆಯನೊಬ್ಬ 400 ಮೀಟರ್‌ನ ತನ್ನ ಜಾಗವನ್ನು ಬಿಟ್ಟುಕೊಡುವ ಔದಾರ್ಯ. ವಾಸ್ತವದಲ್ಲಿ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು. 100 ಮೀಟರ್ ಬಿಡುವ ನಿರ್ಧಾರವನ್ನು ಲಿಡೆಲ್ ಆಗಲೇ ಮಾಡಿ, ಉಳಿದ ಕಾಲವನ್ನು 400 ಮೀಟರ್‌ಗೆ ಮೈಯನ್ನು ಒಗ್ಗಿಸಲು ಬಳಸಿದರು. ಶುದ್ಧ ವೇಗದ ಓಟಗಾರ ನಾಲ್ಕು ಪಟ್ಟು ದೂರಕ್ಕೆ ತಯಾರಾಗುವುದೆಂದರೆ ಉಸಿರನ್ನೂ ಕಾಲಿನ ಹದವನ್ನೂ ಹೊಸದಾಗಿ ಕಟ್ಟಿಕೊಳ್ಳುವುದು. ಅದು ಸದ್ದಿಲ್ಲದ, ನಾಟಕವಿಲ್ಲದ, ದೀರ್ಘ ಕೆಲಸ. ಲಿಡೆಲ್ ನಂಬಿಕೆಯ ಬೆಲೆ ಇರುವುದು ಆ ತಿಂಗಳುಗಳಲ್ಲಿ. ಚಿತ್ರ ಅದನ್ನು ಹಡಗಿನ ಹಲಗೆಯ ಮೇಲಿನ ಒಂದು ಕ್ಷಣಕ್ಕೆ ಇಳಿಸಿತು. ಫೈನಲ್‌ಗೆ ಮುನ್ನ ಅಮೆರಿಕದ ಓಟಗಾರ ಜಾಕ್ಸನ್ ಶೋಲ್ಜ್ ಲಿಡೆಲ್ ಕೈಗೆ ಬೈಬಲ್ ವಾಕ್ಯದ ಚೀಟಿ ಇಡುವುದೂ ಕಟ್ಟಿದ್ದೇ. ಅಂಥ ಚೀಟಿ ಕೊಟ್ಟದ್ದು ಬ್ರಿಟಿಷ್ ತಂಡದ ಅಂಗಮರ್ದಕ.

ಆದರೂ ‘ಚಾರಿಯಟ್ಸ್’ ತನ್ನ ಸಂತತಿಗಿಂತ ಮೇಲಿನದು. ವೃತ್ತಿಪರ ಕೋಚ್ ಸ್ಯಾಮ್ ಮುಸ್ಸಬಿನಿ ಅವರಿಗೆ ಹವ್ಯಾಸಿಗಳ ಆ ಕಾಲದ ಕ್ರೀಡಾಂಗಣದಲ್ಲಿ ಜಾಗವಿರಲಿಲ್ಲ. ಹೊರಗೆ ಕೋಣೆಯೊಂದರಲ್ಲಿ ಕೂತು, ಕಿಟಕಿಯಿಂದ ಬಾವುಟ ಏರುವುದನ್ನು ಕಂಡು ತನ್ನ ಶಿಷ್ಯ ಗೆದ್ದನೆಂದು ಅವರು ತಿಳಿಯುವ ದೃಶ್ಯದಲ್ಲಿ ಕ್ರೀಡೆಯ ಇಡೀ ವರ್ಗಭೇದ ಅಡಗಿದೆ. ಅಬ್ರಹಾಮ್ಸ್ ಹೆಜ್ಜೆಯ ಉದ್ದವನ್ನು ಅಳೆದು ತಿದ್ದಿದವರು ಮುಸ್ಸಬಿನಿಯೇ. ಚಿತ್ರ ಅದನ್ನು ಸ್ವಲ್ಪವಾದರೂ ಹೇಳುತ್ತದೆ. ಗೆದ್ದ ಮೇಲೆ ಅಬ್ರಹಾಮ್ಸ್ ಮುಖದಲ್ಲಿ ಕಾಣುವ ಶೂನ್ಯವನ್ನೂ ಮರೆಮಾಚುವುದಿಲ್ಲ. ಮುಂದಿನವರು ಈ ಚಿತ್ರದಿಂದ ಎತ್ತಿಕೊಂಡದ್ದು ಕಡಲತೀರವನ್ನೂ ಸಂಗೀತವನ್ನೂ ಮಾತ್ರ.

ಅದೇ 1981ರಲ್ಲಿ ಆಸ್ಟ್ರೇಲಿಯಾದ ಪೀಟರ್ ವಿಯರ್ ‘ಗಲಿಪೊಲಿ’ ಮಾಡಿದರು. ಅಲ್ಲಿಯೂ ವೇಗದ ಓಟಗಾರ, ಅಲ್ಲಿಯೂ ಓಟದ ಜೊತೆ ಸಿಂಥಸೈಜರ್. ಆದರೆ ಆ ಹುಡುಗನ ಕೊನೆಯ ಓಟ 1915ರ ಯುದ್ಧಭೂಮಿಯಲ್ಲಿ, ತುರ್ಕಿ ಗುಂಡುಗಳ ಎದುರಿಗೆ. ಮರುವರ್ಷ ರಾಬರ್ಟ್ ಟೌನ್ ನಿರ್ದೇಶಿಸಿದ ‘ಪರ್ಸನಲ್ ಬೆಸ್ಟ್’ನಲ್ಲಿ ನಿಜವಾದ ಅಥ್ಲೀಟುಗಳೇ ನಟಿಸಿದರು. 1972ರ ಮ್ಯೂನಿಕ್ ಮ್ಯಾರಥಾನ್‌ನಲ್ಲಿ ನಾಲ್ಕನೆಯವರಾಗಿದ್ದ ಕೆನ್ನಿ ಮೂರ್ ಅವರಲ್ಲಿ ಒಬ್ಬರು. ಅದರ ನಾಯಕಿಯರು ಸ್ಪರ್ಧಿಸುವ ಆಯ್ಕೆ ಕೂಟ 1980ರದ್ದು. ಅಮೆರಿಕ ಮಾಸ್ಕೊ ಒಲಿಂಪಿಕ್ಸ್ ಬಹಿಷ್ಕರಿಸಿದ್ದರಿಂದ ಆಯ್ಕೆಯಾದರೂ ಹೋಗುವ ಊರಿಲ್ಲ. ಸೂತ್ರಕ್ಕೆ ಹೊರಗಿನ ದಾರಿಗಳು ಸೂತ್ರ ಹುಟ್ಟಿದಾಗಲೇ ಇದ್ದವು ಎಂಬುದಕ್ಕೆ ಇವೆರಡೂ ಸಾಕ್ಷಿ.

1990ರ ದಶಕದಲ್ಲಿ ಹಾಲಿವುಡ್ ಒಬ್ಬನೇ ಓಟಗಾರನ ಮೇಲೆ ವರ್ಷದ ಅಂತರದಲ್ಲಿ ಎರಡು ಚಿತ್ರ ಮಾಡಿತು: 1997ರ ‘ಪ್ರಿಫಾಂಟೇನ್’, 1998ರ ‘ವಿಥೌಟ್ ಲಿಮಿಟ್ಸ್’. ಸ್ಟೀವ್ ಪ್ರಿಫಾಂಟೇನ್ ಸೂತ್ರಕ್ಕೆ ಒಗ್ಗುವವರಲ್ಲ. ಮ್ಯೂನಿಕ್‌ನ 5,000 ಮೀಟರ್ ಓಟದಲ್ಲಿ ಕಾದು ಓಡುವ ಬದಲು ಕೊನೆಯ ಮೈಲಿಯನ್ನು ತಾನೇ ಎಳೆದರು; ಲಾಸ್ಸೆ ವಿರೆನ್, ಮೊಹಮ್ಮದ್ ಗಮ್ಮೂದಿ ಮುಂದೆ ಹೋದರು, ಕೊನೆಯ ಕೆಲವು ಮೀಟರುಗಳಲ್ಲಿ ಇಯಾನ್ ಸ್ಟೀವರ್ಟ್ ಕಂಚನ್ನೂ ಕಸಿದುಕೊಂಡರು. 1975ರಲ್ಲಿ, 24ನೆಯ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಟೌನ್ ಮತ್ತು ಕೆನ್ನಿ ಮೂರ್ ಸೇರಿ ಬರೆದ ಎರಡನೆಯ ಚಿತ್ರ ಉತ್ತಮವಾಗಲು ಕಾರಣ, ಓಟದ ತಂತ್ರವೇ ಅದರ ವಾದವಾಗಿದೆ: ಮುಂದಿದ್ದು ಓಡುವುದೇ, ಹಿಂದಿದ್ದು ಕಾಯುವುದೇ ಎಂದು ಕೋಚ್ ಬಿಲ್ ಬವರ್‌ಮನ್ ಮತ್ತು ಶಿಷ್ಯ ಕೊನೆಯವರೆಗೂ ಜಗಳವಾಡುತ್ತಾರೆ. ಇರಾನಿನ ಮಜೀದ್ ಮಜೀದಿ 1997ರಲ್ಲಿ ‘ಚಿಲ್ಡ್ರನ್ ಆಫ್ ಹೆವನ್’ ಮಾಡಿದಾಗ ಸೂತ್ರವನ್ನೇ ತಿರುಗಿಸಿದರು. ತಂಗಿಗೆ ಬೂಟು ಬೇಕು, ಬೂಟು ಮೂರನೆಯ ಬಹುಮಾನ. ಹುಡುಗ ಮೊದಲನೆಯವನಾಗಿ ಬಂದು ಅಳುತ್ತಾನೆ.

ಭಾರತದಲ್ಲಿ ಈ ಬಗೆಯ ಚಿತ್ರ ತಡವಾಗಿ ಬೇರೂರಿತು. 1991ರಲ್ಲಿ ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ ‘ಅಶ್ವಿನಿ’ ಎಂಬ ತೆಲುಗು ಚಿತ್ರದಲ್ಲಿ ತಾವೇ ನಾಯಕಿಯಾದರು. ಟ್ರ್ಯಾಕಿನ ಮೇಲೆ ದೇಶದ ಮುಂಚೂಣಿಯಲ್ಲಿದ್ದವರ ಓಟಕ್ಕೆ ಯಾವ ನಟಿಯ ತರಬೇತಿಯೂ ಸಾಟಿಯಾಗದು; ಆರಂಭದ ಬಾಗು, ಕೈಗಳ ಬೀಸು, ಗೆರೆ ದಾಟಿದ ಮೇಲೂ ನಿಲ್ಲದ ಹೆಜ್ಜೆ ಇವೆಲ್ಲ ವರ್ಷಗಳ ಗಳಿಕೆ. ಆ ಪ್ರಯೋಗವನ್ನು ಯಾರೂ ಹೆಚ್ಚು ಮುಂದುವರಿಸಲಿಲ್ಲ. ಆಮೇಲಿನ ಚಿತ್ರಗಳು ತಾರೆಯರನ್ನು ಓಟಗಾರರಾಗಿ ಮಾಡಿದವು, ಮತ್ತು ತಾರೆಯ ಮೈಕಟ್ಟೇ ಪ್ರಚಾರದ ವಿಷಯವಾಯಿತು.

2013ರ ‘ಭಾಗ್ ಮಿಲ್ಖಾ ಭಾಗ್’ ಇದಕ್ಕೆ ದೊಡ್ಡ ಉದಾಹರಣೆ. ರಾಕೇಶ್ ಓಂಪ್ರಕಾಶ್ ಮೆಹ್ರಾ ನಿರ್ದೇಶನ, ಫರ್ಹಾನ್ ಅಖ್ತರ್ ಮುಖ್ಯ ಪಾತ್ರ. ದೇಶವಿಭಜನೆಯ ಹಿಂಸೆಯಲ್ಲಿ ಅನಾಥರಾಗಿ, ಸೈನ್ಯ ಸೇರಿ, ಅಲ್ಲಿ ಓಟ ಕಲಿತ ಮಿಲ್ಖಾ ಸಿಂಗ್ ಅವರದು ನಿಜಕ್ಕೂ ದೊಡ್ಡ ಬದುಕು. 1958ರಲ್ಲಿ ಟೋಕಿಯೊ ಏಷ್ಯನ್ ಕೂಟದ 200 ಮತ್ತು 400 ಮೀಟರ್ ಚಿನ್ನ, ಅದೇ ವರ್ಷ ಕಾರ್ಡಿಫ್‌ನಲ್ಲಿ 440 ಗಜದ ಚಿನ್ನ. 1960ರ ರೋಮ್ ಒಲಿಂಪಿಕ್ಸ್ 400 ಮೀಟರ್‌ನಲ್ಲಿ ನಾಲ್ಕನೆಯ ಸ್ಥಾನ, ಕಾಲ 45.73 ಸೆಕೆಂಡು. ಆ ಓಟದಲ್ಲಿ ಅಮೆರಿಕದ ಓಟಿಸ್ ಡೇವಿಸ್ ಮತ್ತು ಜರ್ಮನಿಯ ಕಾರ್ಲ್ ಕಾಫ್‌ಮನ್ ಇಬ್ಬರೂ 44.9ರ ವಿಶ್ವದಾಖಲೆ ಮಾಡಿದರು. ಅಂದರೆ ಮಿಲ್ಖಾ ಸೋತದ್ದು ಅಲ್ಲಿಯವರೆಗಿನ ಅತಿ ವೇಗದ 400 ಮೀಟರ್‌ನಲ್ಲಿ, ತಮ್ಮ ಬದುಕಿನ ಅತ್ಯುತ್ತಮ ಓಟ ಓಡಿ. ಅವರ ಆ ಕಾಲ 1998ರವರೆಗೆ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು.

ಇಷ್ಟು ಸಾಲದೆಂದು ಚಿತ್ರ ಅವರಿಗೆ ಒಂದು ವಿಶ್ವದಾಖಲೆಯನ್ನೂ ಕೊಡುತ್ತದೆ. ಆಗಿನ ನಿಜವಾದ ವಿಶ್ವದಾಖಲೆ ಅಮೆರಿಕದ ಲೂ ಜೋನ್ಸ್ 1956ರಲ್ಲಿ ಮಾಡಿದ 45.2 ಸೆಕೆಂಡು, ಮಿಲ್ಖಾ ಎಂದೂ ಅಷ್ಟು ವೇಗವಾಗಿ ಓಡಲಿಲ್ಲ. ರೋಮ್‌ನ ಸೋಲಿಗೆ ಅವರೇ ಹೇಳುತ್ತಿದ್ದ ಕಾರಣ ಓಟಗಾರನ ಕಾರಣ: ಮೊದಲರ್ಧ ಅತಿ ವೇಗವಾಯಿತೆಂದು ಅಂಜಿ ನಡುವೆ ವೇಗ ತಗ್ಗಿಸಿದ್ದು, ಮತ್ತೆ ಅದನ್ನು ತುಂಬಿಕೊಳ್ಳಲಾಗದ್ದು. 400 ಮೀಟರ್ ಓಡಿದ ಪ್ರತಿಯೊಬ್ಬರಿಗೂ ಈ ಲೆಕ್ಕ ಗೊತ್ತು. ಚಿತ್ರ ಅದನ್ನು ಬಿಟ್ಟು, ಬಾಲ್ಯದ ಕಗ್ಗೊಲೆಯ ನೆನಪು ಹಿಂದಿನಿಂದ ಕರೆದದ್ದರಿಂದ ಅವರು ತಿರುಗಿ ನೋಡಿದರು ಎನ್ನುತ್ತದೆ. 400 ಮೀಟರ್ ಉದ್ದಕ್ಕೂ ಮಾಡಬೇಕಾದ ವೇಗದ ಹಂಚಿಕೆ ಹೀಗೆ ಮನಸ್ಸಿನ ಗಾಯವಾಗಿ ಬದಲಾಯಿತು; ಗಾಯಕ್ಕೆ ಮದ್ದಾಗಿ ಲಾಹೋರ್‌ನಲ್ಲಿ ಪಾಕಿಸ್ತಾನದ ಓಟಗಾರ ಅಬ್ದುಲ್ ಖಾಲಿಕ್ ವಿರುದ್ಧದ ಗೆಲುವು ಕೊನೆಗೆ ಬಂತು. 1962ರ ಜಕಾರ್ತಾ ಏಷ್ಯನ್ ಕೂಟದ ಎರಡು ಚಿನ್ನಗಳಿಗೆ ಆ ಕಥೆಯಲ್ಲಿ ಜಾಗವಿಲ್ಲ. ಜಕಾರ್ತಾದ 400 ಮೀಟರ್‌ನಲ್ಲಿ ಬೆಳ್ಳಿ ಗೆದ್ದ ಇನ್ನೊಬ್ಬ ಸೈನಿಕ ಮಖನ್ ಸಿಂಗ್ ಅವರಿಗೂ ಇಲ್ಲ. ಕಲ್ಕತ್ತೆಯ ರಾಷ್ಟ್ರೀಯ ಕೂಟದಲ್ಲಿ ಮಿಲ್ಖಾ ಅವರನ್ನು ಸೋಲಿಸಿದವರು ಮಖನ್ ಸಿಂಗ್. ಸೈನ್ಯ ಬಿಟ್ಟ ಮೇಲೆ ಅವರು ಲಾರಿ ಓಡಿಸಿದರು, ಮಧುಮೇಹದಿಂದ ಕಾಲು ಕಳೆದುಕೊಂಡರು, 2002ರಲ್ಲಿ ತೀರಿಕೊಂಡರು.

‘ಭಾಗ್ ಮಿಲ್ಖಾ ಭಾಗ್’ಗಿಂತ ಒಂದು ವರ್ಷ ಮೊದಲು ತೆರೆಗೆ ಬಂದ ತಿಗ್ಮಾಂಶು ಧೂಲಿಯಾ ಅವರ ‘ಪಾನ್ ಸಿಂಗ್ ತೋಮರ್’ ಸೈನ್ಯದಿಂದಲೇ ಬಂದ ಮತ್ತೊಬ್ಬ ಓಟಗಾರನನ್ನು ಬೇರೆ ಕಣ್ಣಿನಿಂದ ನೋಡಿತ್ತು. ಸ್ಟೀಪಲ್‌ಚೇಸ್‌ನಲ್ಲಿ ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ಪಾನ್ ಸಿಂಗ್ ಜಮೀನಿನ ಜಗಳದಲ್ಲಿ ನ್ಯಾಯ ಸಿಗದೆ ಚಂಬಲ್ ಕಣಿವೆಯ ಬಂಡುಕೋರನಾಗಿ 1981ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ತಯಾರಾದ ಮೇಲೂ ಬಿಡುಗಡೆಗೆ ಎರಡು ವರ್ಷ ಕಾದ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು, ಇರ್ಫಾನ್ ಖಾನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಪದಕ ಗೆದ್ದವನ ಮಾತಿಗೆ ಪೊಲೀಸ್ ಠಾಣೆಯಲ್ಲಿ ಬೆಲೆಯಿಲ್ಲದ ದೃಶ್ಯ, ಭಾರತದ ಓಟದ ಚಿತ್ರಗಳು ಸಾಮಾನ್ಯವಾಗಿ ಮುಟ್ಟದ ಪ್ರಶ್ನೆಯನ್ನು ಮುಟ್ಟುತ್ತದೆ: ಓಟ ನಿಂತ ಮೇಲೆ ಓಟಗಾರ ಎಲ್ಲಿಗೆ ಹೋಗುತ್ತಾನೆ?

ಕಾಲವನ್ನು ಅಳಿಸುವುದರಲ್ಲಿ ಡಿಸ್ನಿಯ ‘ಮ್ಯಾಕ್‌ಫಾರ್ಲಂಡ್, ಯುಎಸ್‌ಎ’ ಎಲ್ಲವನ್ನೂ ಮೀರಿಸಿತು. 2015ರ ಈ ಚಿತ್ರದಲ್ಲಿ ಫುಟ್‌ಬಾಲ್ ಕೋಚ್ ಕೆಲಸ ಕಳೆದುಕೊಂಡ ಜಿಮ್ ವೈಟ್ 1987ರಲ್ಲಿ ಕ್ಯಾಲಿಫೋರ್ನಿಯಾದ ಬಡ ಕೃಷಿಪಟ್ಟಣಕ್ಕೆ ಹೊಸಬರಾಗಿ ಬರುತ್ತಾರೆ. ಹೊಲಗಳಲ್ಲಿ ದುಡಿಯುವ ಮೆಕ್ಸಿಕನ್ ಮೂಲದ ಹುಡುಗರನ್ನು ಕಂಡು ಅದೇ ವರ್ಷ ಕ್ರಾಸ್ ಕಂಟ್ರಿ ತಂಡ ಕಟ್ಟಿ ರಾಜ್ಯ ಪ್ರಶಸ್ತಿ ಗೆಲ್ಲಿಸುತ್ತಾರೆ. ನಿಜವಾದ ಜಿಮ್ ವೈಟ್ ಆ ಊರಿನ ಮೇಷ್ಟ್ರಾದದ್ದು 1964ರಲ್ಲಿ, ಕ್ರಾಸ್ ಕಂಟ್ರಿ ತಂಡ ಕಟ್ಟಿದ್ದು 1980ರಲ್ಲಿ. 1987ರ ಗೆಲುವಿನ ಹೊತ್ತಿಗೆ ಅವರು ಅಲ್ಲಿ 23 ವರ್ಷ ಕಳೆದಿದ್ದರು. ಅವರ ಕಾಲದಲ್ಲಿ ಒಟ್ಟು ಒಂಬತ್ತು ರಾಜ್ಯ ಪ್ರಶಸ್ತಿಗಳು ಬಂದವು. ಒಂದು ತಲೆಮಾರಿಗೆ ಪಾಠ ಹೇಳಿ, ಅವರ ತಮ್ಮಂದಿರನ್ನೂ ಮಕ್ಕಳನ್ನೂ ಓಡಿಸಿದ ಊರಿನ ಮನುಷ್ಯ ಚಿತ್ರದಲ್ಲಿ ಒಂದು ಋತುವಿನ ಅತಿಥಿಯಾದರು. ಹೊರಗಿನಿಂದ ಬಂದ ಬಿಳಿಯನೊಬ್ಬ ಕಂದು ಹುಡುಗರನ್ನು ಎತ್ತಿ ನಿಲ್ಲಿಸಿದ ಎಂಬ ಹಳೆಯ ಕಥೆ ಸುಲಭ, ಇಪ್ಪತ್ತಮೂರು ವರ್ಷ ಅಲ್ಲೇ ಇದ್ದ ಎಂಬುದು ತೋರಿಸಲು ಕಷ್ಟ.

ಕೋಚ್‌ನನ್ನು ಯಾವಾಗಲೂ ಸರಿಯೆಂದು ತೋರಿಸುವುದು ಸೂತ್ರದ ಮತ್ತೊಂದು ದೋಷ. ಒಡಿಶಾದ ಬುಧಿಯಾ ಸಿಂಗ್ 2006ರಲ್ಲಿ, ನಾಲ್ಕರ ಎಳವೆಯಲ್ಲಿ, ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ಓಡಿದ. ಕೊಳೆಗೇರಿಯ ಬಡತನದಿಂದ ಅವನನ್ನು ಎತ್ತಿಕೊಂಡು ಸಾಕಿದ ಕೋಚ್ ಬಿರಂಚಿ ದಾಸ್ ಅವನ ಪಾಲಿಗೆ ರಕ್ಷಕರೂ ಹೌದು, ಅಪಾಯವೂ ಹೌದು. ಸರ್ಕಾರ ದೀರ್ಘ ಓಟಗಳನ್ನು ನಿಷೇಧಿಸಿತು, 2008ರಲ್ಲಿ ದಾಸ್ ಕೊಲೆಯಾದರು. ಸೌಮೇಂದ್ರ ಪಾಢಿ ನಿರ್ದೇಶಿಸಿದ 2016ರ ‘ಬುಧಿಯಾ ಸಿಂಗ್: ಬಾರ್ನ್ ಟು ರನ್’ ಈ ಇಬ್ಬಗೆಯನ್ನು ಅರ್ಧ ದೂರ ಹಿಡಿದುಕೊಂಡು ಸಾಗುತ್ತದೆ; ಮನೋಜ್ ಬಾಜಪೇಯಿ ಅವರ ಅಭಿನಯದಲ್ಲಿ ಪ್ರೀತಿಯೂ ಹಟವೂ ಬೇರ್ಪಡದಂತೆ ಬೆರೆತಿವೆ. ಆದರೆ ಎಳೆಯ ಮೂಳೆಗಳಿಗೆ ಆ ದೂರ ಏನು ಮಾಡುತ್ತದೆ ಎಂಬ ವೈದ್ಯಕೀಯ ಪ್ರಶ್ನೆ ಬಂದಾಗಲೆಲ್ಲ ಅದನ್ನು ಕೇಳುವವರು ಕಥೆಯ ಖಳರಂತೆ ಕಾಣುತ್ತಾರೆ.

2021ರ ‘ರಶ್ಮಿ ರಾಕೆಟ್’ ಹೊಸ ವಿಷಯಕ್ಕೆ ಹಳೆಯ ಅಚ್ಚನ್ನೇ ಒತ್ತಿತು. ಮೈಯಲ್ಲಿ ಸಹಜವಾಗಿ ಟೆಸ್ಟೋಸ್ಟಿರಾನ್ ಹೆಚ್ಚಿರುವ ಓಟಗಾರ್ತಿಯನ್ನು ಲಿಂಗಪರೀಕ್ಷೆಗೆ ಗುರಿಮಾಡಿ ಅವಮಾನಿಸುವ ಕಥೆ. ಮೈದಾನದ ಬದಲು ನ್ಯಾಯಾಲಯದಲ್ಲಿ ಅಂತಿಮ ಗೆಲುವು, ಖಳರಿಗೆ ಶಿಕ್ಷೆ, ನಾಯಕಿ ಮತ್ತೆ ಟ್ರ್ಯಾಕಿಗೆ. ಇದರ ಹಿಂದಿರುವ ನಿಜ ಅಷ್ಟು ಬೇಗ ಮುಗಿಯುವಂಥದ್ದಲ್ಲ. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕೂಟದಲ್ಲಿ ಗೆದ್ದ 800 ಮೀಟರ್ ಬೆಳ್ಳಿಯನ್ನು ಕಳೆದುಕೊಂಡರು. ಒಡಿಶಾದ ದ್ಯುತಿ ಚಂದ್ ಅವರನ್ನು 2014ರಲ್ಲಿ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟಾಗ ಅವರು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದರು. 2015ರಲ್ಲಿ ಮಂಡಳಿ ಟೆಸ್ಟೋಸ್ಟಿರಾನ್ ಮಿತಿಯ ನಿಯಮವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು, 2018ರ ಜಕಾರ್ತಾ ಕೂಟದಲ್ಲಿ ದ್ಯುತಿ ಎರಡು ಬೆಳ್ಳಿ ಗೆದ್ದರು. ಅದೇ ವರ್ಷ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 400 ಮೀಟರ್‌ನಿಂದ ಒಂದು ಮೈಲಿಯವರೆಗಿನ ಓಟಗಳಿಗೆ ಹೊಸ ನಿಯಮ ತಂದಿತು. ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ ಅದನ್ನು ಪ್ರಶ್ನಿಸಿ 2019ರಲ್ಲಿ ಅದೇ ಮಂಡಳಿಯ ಮುಂದೆ ಸೋತರು. 2023ರ ಮಾರ್ಚ್‌ನಲ್ಲಿ, ವರ್ಲ್ಡ್ ಅಥ್ಲೆಟಿಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಆ ಒಕ್ಕೂಟ ನಿರ್ಬಂಧವನ್ನು ಇನ್ನಷ್ಟು ಬಿಗಿಮಾಡಿ ಮಹಿಳೆಯರ ಎಲ್ಲ ಸ್ಪರ್ಧೆಗಳಿಗೂ ವಿಸ್ತರಿಸಿತು.